ಗೋಡೆಯ ಮೇಲಿನ ಬಾಯಿ

ಮತದಾನದ ದಿನ ಬೆಳಿಗ್ಗೆ ಹೆಂಡತಿ ಬಾಯಿ ಮುಕ್ಕಳಿಸಿ, ಟವೆಲಿನ ತುದಿಯಿಂದ ತುಟಿ ಒತ್ತಿಕೊಂಡು, ಬಚ್ಚಲಿನ ಕನ್ನಡಿಯಲ್ಲಿ ತನ್ನನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿಕೊಂಡಳು. ಹಿಂದೆ ಬಾಗಿಲಿಗೆ ಒರಗಿ ತನ್ನ ಸರದಿಗೆ ಕಾಯುತ್ತಿದ್ದ ಗಂಡ ನೆಟ್ಟಗಾದ. ಈಗ ಗೊತ್ತಾಗುತ್ತದೆ, ಇಗೋ ಈಗ, ಎಂದು ಉಸಿರು ಬಿಗಿಹಿಡಿದು ನಿಂತ. ಏನೂ ಆಗಲಿಲ್ಲ. ಅವಳು ಹುಬ್ಬಿನಲ್ಲಿ ಒಂದು ಬಿಳಿಗೂದಲು ಕಂಡು, ಕಿತ್ತು, ನಲ್ಲಿ ನೀರಿಗೆ ಬಿಟ್ಟು, "ಏನ್ರೀ, ಹಾಗೆ ನುಂಗೋ ಹಾಗೆ ನೋಡ್ತಿದ್ದೀರಾ?" ಎಂದು ಪಕ್ಕಕ್ಕೆ ಸರಿದಳು. "ಏನಿಲ್ಲ, ತುಟಿ ಹತ್ತಿರ ಪೇಸ್ಟು," ಎಂದ. ಪೇಸ್ಟು ಇರಲಿಲ್ಲ. ಅವಳು ಮತ್ತೊಮ್ಮೆ ಒರೆಸಿಕೊಂಡಳು. ಇಲ್ಲದ ಪೇಸ್ಟನ್ನು ಒರೆಸಿಕೊಂಡ ಆ ಬಾಯಿ ಕೆಲವು ವಾರಗಳಿಂದ ಊರಿನ ಗೋಡೆಗಳ ಮೇಲೆಲ್ಲ ಇತ್ತು, ಬೇರೊಬ್ಬಳ ಮುಖದಲ್ಲಿ, ಪಕ್ಷದ ಚಿಹ್ನೆಯ ಪಕ್ಕದಲ್ಲಿ. ಅದನ್ನು ಅಲ್ಲಿಗೆ ಕೂರಿಸಿದವನು ಅವನೇ.

ಅವಳಿಗೆ ಗುರುತು ಹತ್ತದೇ ಇದ್ದದ್ದು ಅವನಿಗೆ ದಿಗಿಲಿನ ಜೊತೆಗೆ ಒಂದು ಬಗೆಯ ಸೋಜಿಗವನ್ನೂ ಹುಟ್ಟಿಸಿತ್ತು. ಅವನ ಹಾಗೆ ಫೋಟೊ ಸ್ಟುಡಿಯೊ ಇಟ್ಟುಕೊಂಡವರಿಗೆ ಇದು ಹಳೆಯ ಸಂಗತಿ. ಗಿರಾಕಿಗಳು ತಮ್ಮ ಫೋಟೊ ಕೈಗೆ ತೆಗೆದುಕೊಂಡು, "ಇದ್ಯಾರೋ ಬೇರೆಯವರ ಥರ ಇದೆಯಲ್ಲಪ್ಪ," ಎಂದು ಮುಖ ಸಿಂಡರಿಸುತ್ತಾರೆ. ಜೊತೆಗೆ ಬಂದವರು, "ಹೇ, ನೀನೇ ಕಣೋ, ಅಚ್ಚು ನೀನೇ," ಅನ್ನುತ್ತಾರೆ. ಇಬ್ಬರದ್ದೂ ನಿಜ. ಮನುಷ್ಯ ತನ್ನ ಮುಖವನ್ನು ನೋಡುವುದು ಕನ್ನಡಿಯಲ್ಲಿ, ಎಡ ಬಲವಾಗಿ, ಬಲ ಎಡವಾಗಿ. ಹೆಂಡತಿಯ ತುಟಿ ಒಂದು ಕೊನೆಯಲ್ಲಿ ಒಂದಿಷ್ಟೇ ಇಷ್ಟು ಕೆಳಕ್ಕೆ ಜಾರುತ್ತದೆ. ಅದು ಯಾವ ಕೊನೆ ಎಂದು ಅವಳನ್ನು ಕೇಳಿದರೆ ತಪ್ಪು ಹೇಳುತ್ತಾಳೆ, ಊರಿನವರು ಸರಿಯಾಗಿ ಹೇಳುತ್ತಾರೆ. ತನ್ನ ಬಾಯಿಯನ್ನು ಊರೆಲ್ಲ ನೋಡಿದೆ, ತಾನೊಬ್ಬಳೇ ನೋಡಿಲ್ಲ. ಈ ಮಾತನ್ನು ಅವನು ಹಲ್ಲುಜ್ಜುತ್ತಾ ಇನ್ನೊಂದು ಸಲ ಯೋಚಿಸಿದ. ಯೋಚಿಸಿದಷ್ಟೂ ಅದು ತನಗೆ ಅನುಕೂಲವಾಗಿಯೇ ಇದೆ ಎನ್ನಿಸಿ ನಾಚಿಕೆಯಾಯಿತು.

ಇಬ್ಬರೂ ಒಟ್ಟಿಗೆ ಮನೆಯಿಂದ ಹೊರಟರು. ಬಿಸಿಲು ಇನ್ನೂ ಎಳೆಯದಿತ್ತು, ಅಂಗಡಿಗಳು ಅರ್ಧ ಬಾಗಿಲು ತೆರೆದಿದ್ದವು, ಬ್ರೆಡ್ಡಿನ ಅಂಗಡಿಯವನು ಮೆಟ್ಟಿಲಿಗೆ ನೀರು ಹಾಕಿ ಗುಡಿಸುತ್ತಿದ್ದ. ಅವನ ಅಂಗಡಿಯ ಪಕ್ಕದ ಗೋಡೆಯಲ್ಲೇ ಮೊದಲನೆಯ ಪೋಸ್ಟರು. ನಗುವ ಅಕ್ಕ. ಊರೆಲ್ಲ ಅವಳನ್ನು ಕರೆಯುವುದೇ ಹಾಗೆ. ಪುರಸಭೆಗೆ ಎರಡು ಸಲ ಗೆದ್ದವಳು, ಈಗ ಮೂರನೆಯ ಸಲ ನಿಂತವಳು. ಅವಳ ನಗು ಮೂರು ಮನೆಯಾಚೆಗೂ ಕೇಳಿಸುತ್ತಿತ್ತು. ನೀರು ಬಂದಿಲ್ಲ ಎಂದು ಬಯ್ಯಲು ಹೋದವರೂ ಅವಳ ಜೊತೆ ನಕ್ಕು, ಯಾಕೆ ಹೋಗಿದ್ದೆವು ಎನ್ನುವುದನ್ನೇ ಮರೆತು ಬರುತ್ತಿದ್ದರು, ಮಾರನೆಯ ದಿನ ನೀರೂ ಬರುತ್ತಿತ್ತು. ಹಿಂದಿನ ಎರಡು ಚುನಾವಣೆಗೂ ಅವಳ ಚಿತ್ರ ತೆಗೆದವನು ಅವನೇ, ಬಾಯ್ತುಂಬ ಹಲ್ಲು ಬಿಟ್ಟು ನಗುತ್ತಿದ್ದ ಚಿತ್ರ. ಈಗಿನದರಲ್ಲಿ ಹಣೆ ಅವಳದ್ದೇ, ಕಣ್ಣು ಅವಳದ್ದೇ, ಗಲ್ಲದ ಮೇಲಿನ ಮಚ್ಚೆಯೂ ಅವಳದ್ದೇ. ನಡುವೆ ಮುಚ್ಚಿದ ಬಾಯಿ. ಹೆಂಡತಿ ಅದರ ಮುಂದೆ ಹಾದುಹೋಗುವಾಗ ನಡಿಗೆ ನಿಧಾನಿಸಿ, ಒಮ್ಮೆ ನೋಡಿ, ತಲೆ ಅಲ್ಲಾಡಿಸಿದಳು. ಅವನು ಬ್ರೆಡ್ಡಿನವನ ಕಡೆ ತಿರುಗಿ ಅವಶ್ಯಕತೆ ಇಲ್ಲದಿದ್ದರೂ, "ಏನು, ಓಟು ಆಯ್ತಾ?" ಎಂದ. "ಇನ್ನೂ ಇಲ್ಲ ಸ್ವಾಮಿ, ಈ ಒಲೆ ಬಿಟ್ಟು ಎಲ್ಲಿಗೆ ಹೋಗ್ಲಿ?" ಎಂದ ಅವನು.

ಪಕ್ಷ ಹಿಂದಿನ ಸಲ ರಾಜ್ಯದಲ್ಲಿ ಸೋತಿತ್ತು, ಈ ಊರಿನಲ್ಲಿ ಮಾತ್ರ ಹೇಗೋ ಬಚಾವಾಗಿತ್ತು. ಅದಕ್ಕೂ ಮುಂಚೆ ಪ್ರಾರ್ಥನಾ ಮಂದಿರದ ಹಿರಿಯರು ಪಕ್ಷದ ಸಭೆಗೆ ಬಂದರೆ ಮೊದಲ ಸಾಲಿನಲ್ಲಿ ಕೂತು, ಹಾರೈಸಿ, ಎದ್ದು ಹೋಗುತ್ತಿದ್ದರು. ಸೋತ ಮೇಲೆ ಅವರಿಗೆ ವೇದಿಕೆಯ ಮೇಲೆ ಕುರ್ಚಿ ಬಂತು. ಆಮೇಲೆ ಪಕ್ಷದ ಕಚೇರಿಯ ಒಳಕೋಣೆಯಲ್ಲಿ ಬಂತು. ಆಮೇಲೆ ಯಾವ ಮಾತೆತ್ತಿದರೂ, "ದೊಡ್ಡವರು ಏನಂದ್ರು?" ಎಂದು ಕೇಳಿಕೊಂಡು ಮುಂದುವರಿಯುವ ಹಾಗಾಯಿತು. ದೊಡ್ಡವರು ಎಂದರೆ ಹಿರಿಯರಲ್ಲಿ ಹಿರಿಯರು, ಮೆಲುದನಿಯ ಮುದುಕರು, ಕೈಯಲ್ಲಿ ಯಾವಾಗಲೂ ಮಡಿಚಿದ ಕರವಸ್ತ್ರ. "ಯಾರೂ ಕಿತ್ತುಕೊಂಡದ್ದಲ್ಲಪ್ಪ, ನಾವೇ ಕುರ್ಚಿ ಎಳೆದೆಳೆದು ಕೊಟ್ಟದ್ದು," ಎಂದು ಪಕ್ಷದ ಕಾರ್ಯದರ್ಶಿ ಒಮ್ಮೆ ಸ್ಟುಡಿಯೊದಲ್ಲಿ ಗಡ್ಡ ಕೆರೆದುಕೊಳ್ಳುತ್ತಾ ಹೇಳಿದ್ದ. ಮೊದಲು ಅವರು ಕೇಳಿದ್ದು ಪ್ರಾರ್ಥನೆಯ ದಿನ ಸಿನಿಮಾದ ಸಂಜೆ ಆಟ ಬೇಡ ಎಂದು. ಒಂದು ಆಟ ತಾನೇ ಎಂದು ಪಕ್ಷ ಒಪ್ಪಿತು. ಆಮೇಲೆ ಈಜುಕೊಳದಲ್ಲಿ ಹೆಂಗಸರಿಗೆ ಬೇರೆ ಹೊತ್ತು ಎಂದರು, ಒಪ್ಪಿತು. ಆ ಹೊತ್ತು ಕಿರಿದಾಗುತ್ತಾ ಬಂದು ಕಡೆಗೆ ಇಲ್ಲವೇ ಆಯಿತು. ಆಮೇಲೆ ಚುನಾವಣೆ ಬಂತು, ಚಿತ್ರದಲ್ಲಿ ಹೆಂಗಸು ನಗಬಾರದು ಎನ್ನುವ ಮಾತು ಬಂತು. "ಒಂದು ನಗು ತಾನೇ, ಕೊಟ್ಟುಬಿಡೋಣ. ಮಂದಿರದ ಓಟು ಅಷ್ಟೂ ಗಂಟು ಕಟ್ಟಿದ ಹಾಗೆ ಬರುತ್ತೆ," ಎಂದ ಕಾರ್ಯದರ್ಶಿ. ಅವನ ಮುಖದಲ್ಲಿ ಮಾತ್ರ ಅಂಥ ಸಂತೋಷವೇನೂ ಇರಲಿಲ್ಲ.

ಚಿತ್ರ ತೆಗೆಸಲು ಮೂವರೂ ಬಂದಿದ್ದರು. ದೊಡ್ಡವರು ಗಿರಾಕಿಗಳ ಬೆಂಚಿನ ಮೇಲೆ, ಕಾರ್ಯದರ್ಶಿ ಬಾಗಿಲಲ್ಲಿ, ನಗುವ ಅಕ್ಕ ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ. ಅವನು ಛತ್ರಿದೀಪವನ್ನು ಅತ್ತಿತ್ತ ಸರಿಸಿ, "ಬಾಯಿ ಮುಚ್ಚಿ ಅಕ್ಕ, ಒಂದೇ ಒಂದು ಸಲ," ಎಂದ. ಮುಚ್ಚಿದಳು. ದೀಪ ಫಳ್ ಎಂದಿತು, ಅವಳು ಪಕ್ಕೆ ಹಿಡಿದುಕೊಂಡು ನಕ್ಕಳು. ಮತ್ತೆ ಮುಚ್ಚಿದಳು, ಮತ್ತೆ ಫಳ್, ಮತ್ತೆ ನಗು. "ಏನು ಮಾಡ್ಲಪ್ಪ, ಆ ದೀಪ ಕಂಡ್ರೆ ಸಾಕು, ಕಚಗುಳಿ ಇಟ್ಟ ಹಾಗಾಗುತ್ತೆ!" ಕೊನೆಗೂ ಒಂದು ಚಿತ್ರದಲ್ಲಿ ತುಟಿಗಳು ಕೂಡಿದ್ದವು. ಅವನು ಗೆದ್ದವನ ಹಾಗೆ ಅದನ್ನು ಕಂಪ್ಯೂಟರಿನಲ್ಲಿ ತೋರಿಸಿದ. ದೊಡ್ಡವರು ಕನ್ನಡಕ ಹಾಕಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು. "ಬಾಯಿ ಮುಚ್ಚಿದೆ ನಿಜ. ಆದ್ರೆ ಒಳಗೆ ನಗ್ತಾ ಇದ್ದಾರೆ," ಎಂದರು. ಅವನು ಚಿತ್ರ ಹಿಗ್ಗಿಸಿ ನೋಡಿದ. ಹೌದು, ನಗುತ್ತಿದ್ದಳು, ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದಂತೆ, ತುಟಿಯ ಹಿಂದೆಲ್ಲೋ. ಮುದುಕರ ಕಣ್ಣಿನ ಬಗ್ಗೆ ಅವನಿಗೆ ಬೇಡಬೇಡವೆಂದರೂ ಮೆಚ್ಚುಗೆಯಾಯಿತು. "ನಗೋದು ತಪ್ಪು ಅಂತ ನಾನು ಹೇಳಲ್ಲಪ್ಪ. ನಮ್ಮನೇಲೂ ನಗ್ತಾರೆ," ಎಂದರು ಅವರು, ಅವನು ಏನೋ ಆಕ್ಷೇಪ ಎತ್ತಿದ್ದಾನೆ ಎನ್ನುವ ಹಾಗೆ. "ಮನೇಲಿ ನಗೋದು ಬೇರೆ, ಗೋಡೆ ಮೇಲೆ ನಿಂತ್ಕೊಂಡು ಹೋಗೋ ಬರೋರಿಗೆಲ್ಲ ನಗೋದು ಬೇರೆ. ಅಲ್ವಾ?" ಅವನು ಹೌದು ಎಂದೂ ಅನ್ನದೆ ಅಲ್ಲ ಎಂದೂ ಅನ್ನದೆ ತಲೆಯನ್ನು ಒಂದು ಥರ ಆಡಿಸಿದ. ಅವನ ಮದುವೆಯಲ್ಲಿ ತಲೆ ಮುಟ್ಟಿ ಹರಸಿದವರು ಅವರು. ಸ್ಟೂಲಿನ ಮೇಲೆ ನಗುವ ಅಕ್ಕ ತನ್ನ ಉಗುರು ನೋಡಿಕೊಳ್ಳುತ್ತಾ ಕೂತಿದ್ದಳು.

"ಚರಂಡಿ ಕಾಣಲ್ವಾ? ನೋಡಿ ಕಾಲಿಡ್ರೀ," ಎಂದು ಹೆಂಡತಿ ಅವನ ತೋಳು ಹಿಡಿದೆಳೆದಳು. ಅವನು ಚರಂಡಿಯ ಅಂಚಿಗೆ ಬಂದಿದ್ದ. ಈಚೆಗೆ ಹೀಗೇ ಆಗುತ್ತಿತ್ತು. ಗೋಡೆ ನೋಡುತ್ತಾ ನಡೆಯುವ ಚಟ ಹತ್ತಿಕೊಂಡಿತ್ತು. ಚಿತ್ರ ಊರಿನಲ್ಲಿ ಬಿದ್ದಂದಿನಿಂದ ಅವನು ಸ್ಟುಡಿಯೊಗೆ ಹೋಗುವ ದಾರಿಯನ್ನು ಸುಮ್ಮಸುಮ್ಮನೆ ಉದ್ದ ಮಾಡಿಕೊಂಡಿದ್ದ. ಪೋಸ್ಟರಿನ ಹತ್ತಿರ ನಿಂತು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಜನ ಏನು ಮಾತಾಡುತ್ತಾರೆ ಎಂದು ಕಿವಿಗೊಡುತ್ತಿದ್ದ. ಬ್ರೆಡ್ಡಿನವನು, "ಈಗ ನೋಡಿ, ಮರ್ಯಾದಸ್ತರ ಥರ ಕಾಣ್ತಾರೆ. ಮೊದಲು ಏನಿತ್ತು, ಬರೀ ಚೆಲ್ಲುಚೆಲ್ಲು," ಎಂದಿದ್ದ. ತಪ್ಪದೆ ಪ್ರಾರ್ಥನೆಗೆ ಹೋಗುವ ಒಬ್ಬ ಮುದುಕಿ ಮಾತ್ರ ಬಸ್ಸಿಗೆ ಕಾಯುತ್ತಾ, "ದೇವರ ಹತ್ರ ಹೇಗೆ ಕೂರಬೇಕು ಅಂತ ಇವರು ನಂಗೆ ಹೇಳಲಿ, ಕೇಳ್ತೀನಿ. ನಲ್ಲಿ ರಿಪೇರಿ ಮಾಡಿಸೋಳು ಹೇಗೆ ಕೂರಬೇಕು ಅಂತ ಹೇಳೋಕೆ ಇವರ್ಯಾರು?" ಎಂದಳು. ಪಕ್ಕದವನು ಗದರಿಕೊಂಡ, "ಮೆಲ್ಲಗೆ ಅಜ್ಜಿ." ಇದ್ದಕ್ಕಿದ್ದಂತೆ ಮುಖ ತಿರುಗಿಸಿಕೊಂಡು ಹೋದವರೂ ಇದ್ದರು, ಸಾಲ ವಾಪಸು ಕೇಳಲು ಬಂದವರನ್ನು ಕಂಡ ಹಾಗೆ. ಆದರೆ ಹೊಗಳಿದವರಾಗಲಿ ತೆಗಳಿದವರಾಗಲಿ ಬಹುಮಂದಿ ಒಂದು ಮಾತನ್ನು ಮಾತ್ರ ಬಿಡದೆ ಕೇಳುತ್ತಿದ್ದರು: ಏನಾಯ್ತಂತೆ ಅವಳಿಗೆ? ಮೈಯಲ್ಲಿ ಹುಷಾರಿಲ್ವಂತಾ? ಮನೇಲಿ ಏನಾದ್ರೂ? ತಾನು ಕೂರಿಸಿದ ತುಂಡು ಬಾಯಿ ಇಷ್ಟೊಂದು ಜನರ ಮನಸ್ಸಿನಲ್ಲಿ ಹುಳ ಬಿಟ್ಟಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಓಟು ಯಾವ ಕಡೆ ವಾಲುತ್ತದೆ ಎಂದು ಇದರಿಂದ ಊಹಿಸಬಹುದೇ ಎಂದು ನೋಡಿದ. ಆಗಲಿಲ್ಲ. ಜನ ಗೋಡೆಯ ಮುಂದೆ ಒಂದು ಹೇಳಿ ಮತಗಟ್ಟೆಯೊಳಗೆ ಇನ್ನೊಂದು ಮಾಡುವವರು. ಅವನಿಗೇ ಅವನ ಓಟು ಇನ್ನೂ ಗೊತ್ತಿರಲಿಲ್ಲ.

ಆ ಬಾಯಿ ಅವನು ಹುಡುಕಿಕೊಂಡು ಹೋದದ್ದಲ್ಲ, ತಾನಾಗಿ ಸಿಕ್ಕಿತು. ಬೇರೆ ಗಿರಾಕಿಗಳ ಪಾಸ್‌ಪೋರ್ಟ್ ಅಳತೆಯ ಚಿತ್ರಗಳು ರಾಶಿ ಇದ್ದವು, ಎಲ್ಲರೂ ಬಾಯಿ ಮುಚ್ಚಿದವರೇ. ಆದರೆ ಗಿರಾಕಿಯ ಮುಖ ಅಂಗಡಿಯ ಹೊಸಿಲು ದಾಟಬಾರದು ಎನ್ನುವುದು ಅವನ ಅಪ್ಪನ ಕಾಲದಿಂದ ಬಂದ ಕಟ್ಟುನಿಟ್ಟು. ಹೆಂಡತಿ ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಚೀಟಿ ಬರೆದುಕೊಡುವ ಕಿಟಕಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಹೊಸ ಗುರುತಿನ ಕಾರ್ಡು ಮಾಡಿಸಬೇಕೆಂದು ಹಿಂದಿನ ತಿಂಗಳಷ್ಟೇ ಅದೇ ಸ್ಟೂಲಿನ ಮೇಲೆ, ಅದೇ ದೀಪಕ್ಕೆ ನೆಟ್ಟಗೆ ಕೂತಿದ್ದಳು. ಅವಳಿಗೆ ಬಾಯಿ ಮುಚ್ಚು ಎಂದು ಹೇಳಬೇಕಾಗಿರಲಿಲ್ಲ. ಒಂದೇ ಸಲಕ್ಕೆ ಮುಗಿದಿತ್ತು. ಮನೆಯದ್ದೇ ಅಲ್ಲವೇ ಎಂದುಕೊಂಡ, ಅಡುಗೆಮನೆಯ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತೆಗೆದುಕೊಳ್ಳುವವನ ಹಾಗೆ. ಕತ್ತರಿಸಿ ತಂದು ಇಟ್ಟರೆ ಅದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಚರ್ಮದ ಬಣ್ಣ ತುಸು ಎತ್ತಿದ, ಮೂಗಿನ ಕೆಳಗಿನ ನೆರಳು ತುಸು ಇಳಿಸಿದ. ಅಪರಾಧ ಎನ್ನುವ ಮಾತು ಆಗ ಹತ್ತಿರವೂ ಸುಳಿಯಲಿಲ್ಲ. ಕೆಲಸ ಎಷ್ಟು ಚೆನ್ನಾಗಿ ಬಂದಿದೆ ಎನ್ನುವುದೊಂದೇ ತಲೆಯಲ್ಲಿತ್ತು. ದೊಡ್ಡವರು ನೋಡಿ ಕರವಸ್ತ್ರದಿಂದ ಬಾಯೊರೆಸಿಕೊಂಡು, "ಹಾಂ, ಇದು ಸರಿ. ಗಂಭೀರವಾಗಿದೆ. ಎಲ್ಲೋ ನೋಡಿದ ಮುಖ ಅನ್ನಿಸುತ್ತೆ," ಎಂದರು. ವಾರವಾರ ಪ್ರಾರ್ಥನೆಯಲ್ಲಿ ಮೂರನೆಯ ಸಾಲಿನಲ್ಲಿ ಅವರ ಎದುರಿಗೇ ಕೂರುವವಳ ಬಾಯಿ. ನಗುವ ಅಕ್ಕ ನೋಡಿ ಮೊದಲು, "ಯಾರಪ್ಪ ಇವಳು? ನನ್ನ ಮಚ್ಚೆ ಕದ್ದಿದ್ದಾಳಲ್ಲ!" ಎಂದು ಗೊಳ್ಳೆಂದು ನಕ್ಕಳು. ಎರಡನೆಯ ಸಲ ನೋಡಿದಾಗ ನಗಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, "ಆಗಲಿ ಬಿಡು. ಹೀಗೆ ಇರೋದು ಕಲ್ತುಕೊಳ್ತೀನಿ," ಎಂದು ಹೊರಟುಹೋದಳು.

"ನಾನು ಈ ಸಲ ಅವಳಿಗೆ ಹಾಕಲ್ಲ ರೀ," ಎಂದಳು ಹೆಂಡತಿ. ಮತಗಟ್ಟೆ ಇದ್ದ ಶಾಲೆಯ ಬೀದಿಗೆ ತಿರುಗುವ ಮೂಲೆ ಅದು. ಶಾಲೆಯ ಹತ್ತಿರದ ಗೋಡೆಗಳಲ್ಲಿ ಪೋಸ್ಟರುಗಳನ್ನು ಕೆರೆದು ತೆಗೆದಿದ್ದರು, ಈ ಮೂಲೆಯದ್ದೇ ಕಡೆಯದು.

"ಯಾಕೆ? ಎರಡು ಸಲವೂ ಅವಳಿಗೇ ಹಾಕಿದ್ದೆಯಲ್ಲ."

"ಆಗ ಅವಳಿದ್ದಳು. ಇವಳ್ಯಾರು?" ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು. "ನಾನೂ ದೇವರನ್ನ ನಂಬೋಳೇ. ನಿಮಗಿಂತ ಜಾಸ್ತಿ. ನೀವು ಮಂದಿರಕ್ಕೆ ಬಂದು ತೂಕಡಿಸ್ತೀರಿ, ನಾನು ಹಾಗಲ್ಲ. ದೇವರಿಗೆ ನಗು ಆಗಲ್ಲ ಅಂತ ಇವರ ಕಿವೀಲಿ ಯಾರು ಊದಿದ್ರೋ. ಹೋಗ್ಲಿ, ಅವರು ಹೇಳಿದ್ರು ಅಂತ ಇವಳು ಕೇಳ್ಬೇಕಾ? ಆ ಬಾಯಿ ನೋಡಿ ಒಂದ್ಸಲ. ಏನೋ ಬಚ್ಚಿಟ್ಟುಕೊಂಡಿರೋ ಬಾಯಿ. ಯಾರು ಏನಂದ್ರೂ ಹೂಂ ಹೂಂ ಅಂದುಕೊಂಡು ಹೋಗೋ ಬಾಯಿ. ಇಂಥೋಳು ನಾಳೆ ನಮ್ಮ ಪರ ಒಂದು ಮಾತಾಡ್ತಾಳೆ ಅಂತ ನಂಬೋದು ಹೇಗೆ? ನಮ್ಮ ಕಿಟಕಿಗೆ ಬರೋ ಹೆಂಗಸರಿಗೆಲ್ಲ ಅದೇ ಹೇಳಿದ್ದೀನಿ."

ಚೀಟಿಯ ಕಿಟಕಿಗೆ ದಿನಕ್ಕೆ ಎಷ್ಟು ಹೆಂಗಸರು ಬರುತ್ತಾರೆ, ಅವಳ ಮಾತು ಎಷ್ಟು ದೂರ ಹೋಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಸಂಜೆಯ ಹೊತ್ತಿಗೆ ಮತದಾನ ಮುಗಿಯುತ್ತದೆ, ಒಂದು ವಾರದಲ್ಲಿ ಬಿಸಿಲಿಗೆ ಪೋಸ್ಟರು ಸುಲಿದು ಬೀಳುತ್ತದೆ, ಈ ಬಾಯಿ ಯಾರದ್ದು ಎನ್ನುವುದು ಅವನೊಬ್ಬನಲ್ಲೇ ಉಳಿಯುತ್ತದೆ. ಹೇಳಿದರೆ ಏನಾಗುತ್ತದೆ? ಅವಳು ಕೂಗಾಡುವವಳಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಹೇಳದಿದ್ದರೆ ಅವಳು ತನ್ನ ಬಾಯಿಯನ್ನು ತಾನೇ ಬಯ್ದು, ಅದೇ ಕಾರಣಕ್ಕೆ ತಾನು ಮೆಚ್ಚಿದ ಹೆಂಗಸಿಗೆ ಓಟು ತಪ್ಪಿಸುತ್ತಾಳೆ, ಅದನ್ನು ನೋಡುತ್ತಾ ಅವನು ಪಕ್ಕದಲ್ಲಿ ನಿಂತಿರಬೇಕು. ಅದು ಅವನಿಂದ ಆಗದ ಮಾತಾಗಿತ್ತು. ಕಳ್ಳನ ಹಾಗೆ ಆಚೀಚೆ ನೋಡಿ, "ಅದು ಅವಳ ಬಾಯಿ ಅಲ್ಲ ಕಣೇ," ಎಂದ.

"ಅಂದ್ರೆ?"

"ಅವಳು ಎಷ್ಟು ತೆಗೆದ್ರೂ ನಗ್ತಿದ್ದಳು. ಅದಕ್ಕೆ... ನಿನ್ನ ಕಾರ್ಡಿನ ಫೋಟೊ ಇತ್ತಲ್ಲ. ಅದರಲ್ಲಿಂದ ತಗೊಂಡೆ. ನಿಂದೇ ಅದು."

ಅವಳು ಅವನ ಮುಖ ನೋಡಿದಳು, ತಮಾಷೆಯೋ ಎಂದು. ಆಮೇಲೆ ಗೋಡೆಯ ಹತ್ತಿರ ಹೋದಳು. ಕೈಯಲ್ಲಿದ್ದ ಚೀಲವನ್ನು ಎತ್ತಿ ಪೋಸ್ಟರಿನ ಮೇಲೆ ಹಿಡಿದು, ಹಣೆ ಕಣ್ಣು ಮೂಗು ಮುಚ್ಚಿ, ಬಾಯಿಯೊಂದನ್ನೇ ಬಿಟ್ಟುಕೊಂಡು ನಿಂತಳು. ಓಟು ಹಾಕಿ ಮರಳುತ್ತಿದ್ದ ಇಬ್ಬರು ಅವಳನ್ನು ವಿಚಿತ್ರವಾಗಿ ನೋಡಿ ದಾಟಿದರು. ಅವಳು ಕೈ ಇಳಿಸಲಿಲ್ಲ. ಬೆನ್ನು ಅವನ ಕಡೆಗಿತ್ತು. ಭುಜ ಅಲುಗುತ್ತದೆಯೇ, ಅಳುತ್ತಾಳೆಯೇ, ಕೋಪದಲ್ಲಿ ಕಾಗದ ಪರಪರ ಕೀಳುತ್ತಾಳೆಯೇ ಎಂದು ಅವನು ಕಾದ. ಇಷ್ಟು ಭಯದ ನಡುವೆಯೂ, ತನ್ನ ಬಾಯಿಯನ್ನು ಮೊದಲ ಸಲ ಊರಿನವರ ಹಾಗೆ ನೋಡುತ್ತಿರುವ ಅವಳಿಗೆ ಏನು ಕಾಣುತ್ತಿರಬಹುದು ಎಂದು ತಿಳಿಯುವ ಆಸೆ ಹೋಗಿರಲಿಲ್ಲ. ಅದಕ್ಕಾಗಿ ತನ್ನನ್ನೇ ಶಪಿಸಿಕೊಂಡ.

ಅವಳು ತಿರುಗಿದಾಗ ಕಣ್ಣು ಒಣಗಿದ್ದವು. ದನಿ ಮೆಲ್ಲಗಿತ್ತು, ಕಿಟಕಿಯಲ್ಲಿ ರೋಗಿಯ ವಯಸ್ಸು ಕೇಳುವ ಹಾಗೆ.

"ನಾನು ದಿನಾ ಹೀಗೇ ಕಾಣ್ತೀನಾ?"

"ಹೂಂ."

"ಊಟಕ್ಕೆ ಕೂತಾಗ? ನಿಮ್ಮ ಎದುರಿಗೆ?"

"ಹೂಂ... ಹೆಚ್ಚುಕಮ್ಮಿ."

"ಎಷ್ಟು ವರ್ಷದಿಂದ?"

ಅವನಿಗೆ ಗೊತ್ತಿರಲಿಲ್ಲ. ಅವಳು ಸ್ವಭಾವತಃ ಮಾತು ಕಡಿಮೆಯವಳು ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಎಂದಿನಿಂದ ಹಾಗೆ ಹೇಳತೊಡಗಿದ್ದು? ಮದುವೆಯ ಹೊಸತರಲ್ಲಿ ಅವಳು ಸ್ಟುಡಿಯೊದ ಕತ್ತಲೆಕೋಣೆಯಲ್ಲಿ ಕೂತು ಅವನ ಕಿವಿ ತೂತಾಗುವಷ್ಟು ಮಾತಾಡುತ್ತಿದ್ದುದು, ಅವನು ತೊಳೆದ ಚಿತ್ರ ಹಾಳಾಗುತ್ತದೆ ಸುಮ್ಮನಿರು ಎಂದು ಬೈಯುತ್ತಿದ್ದುದು, ಎಲ್ಲಿಂದಲೋ ಈಗ ಬಂದು ಎದುರು ನಿಂತಿತು.

"ಊರಿಗೆ ಊರೇ ಈ ಗೋಡೆ ನೋಡಿ ಏನಾಯ್ತು ಅವಳಿಗೆ ಅಂತ ಕೇಳ್ತಿದೆ," ಎಂದಳು ಅವಳು. "ನನ್ನ ಕಿಟಕೀಲಿ, ಬಸ್ಸಲ್ಲಿ, ಮಂದಿರದಲ್ಲಿ. ಗೊತ್ತೇ ಇಲ್ಲದೋರು. ಈ ಬಾಯಿ ನೋಡಿ ಅವರಿಗೆಲ್ಲ ಕೇಳ್ಬೇಕು ಅನ್ನಿಸ್ತು. ನಿಮಗೆ ಒಂದು ದಿನವೂ ಅನ್ನಿಸ್ಲಿಲ್ವಲ್ಲ ರೀ."

ಅಷ್ಟರಲ್ಲಿ ಬೀದಿಯ ಆ ಬದಿಯಿಂದ ನಗುವ ಅಕ್ಕ ನಾಲ್ಕಾರು ಜನರ ಜೊತೆ ಬಂದಳು. ಮತಗಟ್ಟೆಯ ಹತ್ತಿರ ನಿಲ್ಲುವಂತಿಲ್ಲವಾದ್ದರಿಂದ ಈ ಮೂಲೆಯಲ್ಲೇ ನಿಂತು ಮತದಾರರಿಗೆ ಕೈಮುಗಿಯುತ್ತಿದ್ದಳು. ಅವನು ಅವಳನ್ನು ಆ ದಿನದ ಮೇಲೆ ಹತ್ತಿರದಿಂದ ಕಂಡಿರಲಿಲ್ಲ. ಕಲಿತುಬಿಟ್ಟಿದ್ದಳು. ತುಟಿಗಳು ಕೂಡಿದ್ದವು, ಒಂದು ಕೊನೆ ಒಂದಿಷ್ಟೇ ಇಷ್ಟು ಕೆಳಗೆ ಜಾರಿತ್ತು, ಹೆಂಡತಿಯ ಬಾಯಿ ಜಾರುವ ಕಡೆಗೇ. ಒಳಗೆಲ್ಲೋ ನಗುತ್ತಿದ್ದಾಳೆಯೇ ಎಂದು ದಿಟ್ಟಿಸಿದ. ನಗುತ್ತಿರಲಿಲ್ಲ. ಹತ್ತು ಹೆಜ್ಜೆ ಹಿಂದೆ ದೊಡ್ಡವರು ಮರದ ನೆರಳಿನಲ್ಲಿ ಕರವಸ್ತ್ರ ಹಿಡಿದು ನಿಂತು, ಪರೀಕ್ಷೆಯಲ್ಲಿ ಪಾಸಾದ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು. ಕಾರ್ಯದರ್ಶಿ ಇವನನ್ನು ಕಂಡು ಕಣ್ಣು ತಪ್ಪಿಸಿದ.

ಹೆಂಡತಿ ನೇರ ಅವಳ ಮುಂದೆ ಹೋಗಿ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ದವಡೆ ನೋಯಲ್ವಾ ಅಕ್ಕ?" ಎಂದಳು ಹೆಂಡತಿ.

ನಗುವ ಅಕ್ಕ ಹಿಂದಕ್ಕೊಮ್ಮೆ ಮರದ ಕಡೆ ನೋಡಿದಳು. "ಸಂಜೆ ಹೊತ್ತಿಗೆ ಹಿಡಿದುಬಿಡುತ್ತೆ ಕಣಮ್ಮ. ಬಿಸಿನೀರಿನ ಶಾಖ ಕೊಟ್ಕೊಳ್ತೀನಿ. ನಿನಗೆ ಹೇಗೆ ಗೊತ್ತು?"

"ಗೊತ್ತು," ಎಂದಳು ಹೆಂಡತಿ. ಅವಳ ಮುಂಗೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಆಮೇಲೆ ಗಂಡನಿಗೆ, "ನೀವು ನಂತರ ಬನ್ನಿ, ನಾನೊಬ್ಬಳೇ ಹೋಗಿಬರ್ತೀನಿ," ಎಂದು ಶಾಲೆಯ ಗೇಟಿನ ಕಡೆ ನಡೆದಳು.

ಶಾಲೆಯ ಕಾಂಪೌಂಡಿನ ಪಕ್ಕ ಒಂದು ಸಿಮೆಂಟಿನ ಬೆಂಚಿತ್ತು. ಅವನು ಅಲ್ಲಿ ಕೂತ. ಸಾಲು ಗೇಟಿನಿಂದ ಮೆಟ್ಟಿಲವರೆಗೆ ಮೆಲ್ಲಗೆ ತೆವಳುತ್ತಿತ್ತು. ಅವಳ ಮುಂದೆ ಬಸ್ ಸ್ಟಾಪಿನ ಆ ಮುದುಕಿ ನಿಂತಿದ್ದಳು, ಹಿಂದೆ ಬ್ರೆಡ್ಡಿನವನ ಹೆಂಡತಿ. ಎಲ್ಲರ ಬಾಯಿಯೂ ಮುಚ್ಚಿತ್ತು. ಸಾಲಿನಲ್ಲಿ ಯಾರು ಮಾತಾಡುತ್ತಾರೆ? ಇವರಲ್ಲಿ ಯಾರು ಯಾರಿಗೆ ಹಾಕುತ್ತಾರೆ ಎಂದು ಬೇರೆ ದಿನವಾಗಿದ್ದರೆ ಅವನು ಒಂದೊಂದೇ ಮುಖ ನೋಡಿ ಊಹಿಸುತ್ತಾ ಹೊತ್ತು ಕಳೆಯುತ್ತಿದ್ದ. ಮುದುಕಿ ದೊಡ್ಡವರಿಗೆ ಕೈಮುಗಿದು ಬಂದಿದ್ದಳು, ಹಾಗೆಂದು ಅವರು ಹೇಳಿದವರಿಗೇ ಹಾಕುತ್ತಾಳೆಯೇ? ಹೆಂಡತಿ? ನಗುವ ಅಕ್ಕನ ಕೈ ಹಿಡಿದಳಲ್ಲ, ಅದು ಓಟೋ, ಬರೀ ಅನುಕಂಪವೋ, ಅಥವಾ ಈ ಬಾಯಿಗೆ ಓಟು ಕೊಟ್ಟರೆ ಹಿರಿಯರು ಅದನ್ನು ಇನ್ನು ಬಿಚ್ಚಲು ಬಿಡುವುದಿಲ್ಲ ಎಂದು ಬೇರೆ ಕಡೆ ಹಾಕುವುದಕ್ಕೆ ಮುಂಚೆ ಕೇಳಿಕೊಂಡ ಕ್ಷಮೆಯೋ? ಅದನ್ನು ತಿಳಿಯುವ ಆಸೆ ಗಂಟಲಿನವರೆಗೂ ಬಂದಿತ್ತು. ಜೀವಮಾನವಿಡೀ ಅವನಿಗೆ ಬಂದ ಆಸೆಗಳೆಲ್ಲ ಇಂಥವೇ, ಬೇರೆಯವರು ಏನು ಮಾಡುತ್ತಾರೆ ಎಂದು ಮರೆಯಲ್ಲಿ ನಿಂತು ನೋಡುವಂಥವು. ಲೆನ್ಸಿನ ಈಚೆ ನಿಂತವನಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಅವನೂ ಯಾರನ್ನೂ ಏನೂ ಕೇಳಬೇಕಾಗಿಲ್ಲ, ಇತ್ತ ನೋಡಿ ಎಂದರೆ ಸಾಕು.

ಅವಳು ಹೊರಗೆ ಬಂದಳು. ಮೆಟ್ಟಿಲಿಳಿದು, ಅವನನ್ನು ಹುಡುಕಿ, ಬೆಂಚಿನ ಹತ್ತಿರ ಬಂದು ನಿಂತಳು, ಕೂರಲಿಲ್ಲ. ಮುಖದಲ್ಲಿ ಅದೇ ಬಾಯಿ. ಅವನು ಅದನ್ನು ಎಷ್ಟು ಸಲ ಹಿಗ್ಗಿಸಿ, ಕುಗ್ಗಿಸಿ, ಬಣ್ಣ ಎತ್ತಿ ಇಳಿಸಿ ನೋಡಿದ್ದ. ಯಾರಿಗೆ ಹಾಕಿದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಕಷ್ಟಪಟ್ಟು ಅದನ್ನು ನುಂಗಿಕೊಂಡ.

"ಏನಾಯ್ತೇ ನಿನಗೆ?" ಎಂದ.

ಎಷ್ಟು ವರ್ಷ ತಡವಾಗಿ ಕೇಳುತ್ತಿದ್ದೇನೆ ಎನ್ನುವುದು ಅವನ ಕಿವಿಗೇ ಕೇಳಿಸಿತು. ಅವಳು ಬೈಯಬಹುದಿತ್ತು, ನಡೆದುಬಿಡಬಹುದಿತ್ತು. ಬಹಳ ಹೊತ್ತು ಅವನನ್ನೇ ನೋಡಿದಳು, ನಿಜವಾಗಿ ಕೇಳುತ್ತಿದ್ದಾನೋ ಎಂದು ಅಳೆಯುವವಳ ಹಾಗೆ. ಆಮೇಲೆ ಚೀಲವನ್ನು ಬೆಂಚಿನ ಮೇಲಿಟ್ಟಳು.

"ಸ್ಟುಡಿಯೊ ಬಾಗಿಲು ಎಷ್ಟು ಹೊತ್ತಿಗೆ ತೆಗೀಬೇಕು?"

"ಇವತ್ತು ತೆಗೆಯಲ್ಲ."

"ಹಾಗಾದ್ರೆ ಸರಿ. ಸ್ವಲ್ಪ ಹೊತ್ತು ಹಿಡಿಯುತ್ತೆ," ಎಂದಳು. "ಅಮ್ಮ ತೀರಿಕೊಂಡ ವರ್ಷದಿಂದ ಹೇಳ್ಲಾ, ಅದಕ್ಕೂ ಮೊದಲಿಂದ ಹೇಳ್ಲಾ?"

ಅವನು ಬೆಂಚಿನ ಮೇಲೆ ಸರಿದು ಜಾಗ ಬಿಟ್ಟ.

"ಮೊದಲಿಂದ ಹೇಳು," ಎಂದ.